ಹಾಫ್ ಟೈಮಿನ ಲೋಟ

ಫುಲ್‌ಶೀರ್, ಟೆಕ್ಸಸ್
ಸೆಪ್ಟೆಂಬರ್ ೧೪, ೨೦೧೩

ಇಂದುಮತಿ ವೈನಿ ಅವರಿಗೆ ಮಹಾಂತಪ್ಪನ ನಮಸ್ಕಾರ.

ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಅಂತ ನೀವು ಹುಬ್ಬು ಏರಿಸಿರುತ್ತೀರಿ. ನನ್ನ ಕಿವಿ ಈಗ ನನ್ನ ಮಾತು ಕೇಳುವುದಿಲ್ಲ ವೈನಿ. ಮಷೀನು ಹಾಕಿಕೊಂಡರೆ ಏಸಿಯ ಸದ್ದು ಚೆನ್ನಾಗಿ ಕೇಳುತ್ತದೆ, ಮನುಷ್ಯರದು ಕೇಳುವುದಿಲ್ಲ. ಫೋನಿನಲ್ಲಂತೂ ಎಲ್ಲದಕ್ಕೂ 'ಹೌದ್ರಿ, ಹೌದ್ರಿ' ಅನ್ನುತ್ತಾ ಕೂರುತ್ತೇನೆ. ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ಸ್ಕಾಟ್ಲೆಂಡಿನ ನಮ್ಮ ಆರ್ಡ್‌ಲೆನ್ನನ್‌ನಿಂದ ಒಂದು ಪತ್ರ ಬಂದಿದೆ. ಅಲ್ಲಿಯ ಥಿಸಲ್ ಫುಟ್‌ಬಾಲ್ ಕ್ಲಬ್ಬಿಗೆ ಬರುವ ವರ್ಷ ನೂರ ಇಪ್ಪತ್ತೈದು ತುಂಬುತ್ತದಂತೆ. ಸೆಕ್ರೆಟರಿ ಇವಾನ್ ಕ್ಲಬ್ಬಿನ ಚರಿತ್ರೆ ಅಚ್ಚು ಹಾಕಿಸುತ್ತಿದ್ದಾನೆ. ಅದರಲ್ಲಿ ಒಂದು ಅಧ್ಯಾಯ ಡಾಕ್ಟರ್ ಹಯಗ್ರೀವನ ಮೇಲೆ. ಅಷ್ಟು ವರ್ಷ ಬಿಡಿಗಾಸು ಮುಟ್ಟದೆ ಆಟಗಾರರ ಮೊಣಕಾಲು ಕಟ್ಟಿದವನು ಅವನೇ ತಾನೆ? ಅವನೊಂದಿಗೆ ಅದೇ ದವಾಖಾನೆಯಲ್ಲಿ ಕೂತಿದ್ದವನು ಅಂತ ಅದನ್ನು ಬರೆಯುವ ಕೆಲಸ ನನಗೆ ಕಟ್ಟಿದ್ದಾರೆ. ಆದರೆ ಪ್ರತಿ ಶನಿವಾರ ಅವನು ಮೈದಾನಕ್ಕೆ ಓಡುತ್ತಿದ್ದ, ನಾನು ದವಾಖಾನೆಯಲ್ಲಿ ಕೆಮ್ಮು ನೆಗಡಿ ನೋಡುತ್ತಿದ್ದೆ. ಗೋಲ್ ಯಾವ ಕಡೆ ಹೊಡೆಯಬೇಕು ಅನ್ನುವುದೂ ನನಗೆ ಗೊತ್ತಿಲ್ಲ. ಅವನಂತೂ ಹೋಗಿಬಿಟ್ಟ. ಮೈದಾನದಲ್ಲಿ ಗಂಡನ ಪಕ್ಕ ಕೂತವರು ನೀವು. ನೀವು ಕನ್ನಡದಲ್ಲಿ ಬರೆದು ಕಳಿಸಿದರೆ ನಾನು ಇಂಗ್ಲಿಷ್ ಮಾಡುತ್ತೇನೆ.

ಇಲ್ಲಿ ಎಲ್ಲ ಆರಾಮ. ಶ್ರೀಜಾ, ಅಳಿಯ ಬೆಳಿಗ್ಗೆ ಹೂಸ್ಟನ್ ಕಡೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ನನ್ನಾಕೆ ಅನುಸೂಯಾ ಇದ್ದಿದ್ದರೆ ಜಗಳಕ್ಕಾದರೂ ಒಬ್ಬರು ಇರುತ್ತಿದ್ದರು. ಬೀದಿಯ ತುದಿಯಲ್ಲಿ ಎಲ್ಲರ ಟಪಾಲು ಪೆಟ್ಟಿಗೆಗಳು ಒಂದೇ ಕಡೆ ಇವೆ. ಅಲ್ಲಿಗೆ ಹೋಗಿ ಬರುವುದೇ ನನ್ನ ಪ್ರವಾಸ. ಅದರಲ್ಲಿ ಪಿಜ್ಜಾ ಕೂಪನ್ ಬಿಟ್ಟು ಬೇರೆ ಏನಾದರೂ ಸಿಗುವ ಹಾಗೆ ಮಾಡಿರಿ.

ನಿಮ್ಮ
ಮಹಾಂತಪ್ಪ


ಪ್ರಾಸ್ಪರ್, ಟೆಕ್ಸಸ್
ಅಕ್ಟೋಬರ್ ೬, ೨೦೧೩

ಮಹಾಂತಪ್ಪನವರಿಗೆ ಇಂದುಮತಿಯ ನಮಸ್ಕಾರಗಳು.

ನಿಮ್ಮ ಕಾಗದ ನೋಡಿ ಎಷ್ಟು ಸಂತೋಷವಾಯಿತು ಅಂತ ಹೇಳಿದರೆ ನಿಮ್ಮ ಕೊಬ್ಬು ಜಾಸ್ತಿಯಾಗುತ್ತದೆ, ಅದಕ್ಕೇ ಹೇಳುವುದಿಲ್ಲ.

ಕ್ಲಬ್ಬಿನ ಕಥೆ ನಮ್ಮವರು ಎಷ್ಟು ಸಲ ಹೇಳಿದ್ದಾರೆಂದರೆ ನನಗೆ ವಿಷ್ಣುಸಹಸ್ರನಾಮದ ಹಾಗೆ ಬಾಯಿಪಾಠ. ಕಟ್ಟಿದವರು ನಾರಗಸೆ ಗಿರಣಿಯ ಕೂಲಿಗಳು. ಆಗ ನಾರನ್ನು ದಾರ ಮಾಡುವ ಗಿರಣಿಯೇ ಊರಿಗೆ ತಾಯಿ ತಂದೆ. ಬಣ್ಣದ ತೊಟ್ಟಿಯಲ್ಲಿ ಮಿಕ್ಕ ಮೆರೂನ್ ಬಣ್ಣಕ್ಕೆ ಅಂಗಿಗಳನ್ನು ಅದ್ದಿದರು, ಅದೇ ಕ್ಲಬ್ಬಿನ ಬಣ್ಣವಾಯಿತು. ಮಳೆ ಬಂದರೆ ಆಟಗಾರರ ಕತ್ತೆಲ್ಲ ಕೆಂಪಾಗುತ್ತಿತ್ತಂತೆ. ಮೈದಾನಕ್ಕೆ ಸಿಕ್ಕಿದ ಜಾಗ ಇಳಿಜಾರು. ಮೇಲಿನಿಂದ ಆಡುವವರಿಗೆ ಚೆಂಡು ತಾನೇ ಉರುಳಿ ಸಹಾಯ ಮಾಡುತ್ತಿತ್ತು. ಕೆಳಗಿನ ಗೋಲಿನ ಹಿಂದೆ ತೊರೆ. ಚೆಂಡು ಅದಕ್ಕೆ ಬಿದ್ದರೆ ಉದ್ದ ಕೋಲಿಗೆ ಬಲೆ ಕಟ್ಟಿಕೊಂಡು ಹಿಡಿಯುವುದಕ್ಕೇ ಒಬ್ಬ ಮನುಷ್ಯ. ಮೊದಲನೇ ಯುದ್ಧಕ್ಕೆ ತಂಡಕ್ಕೆ ತಂಡವೇ ಹೋಯಿತು. ಬಾರದವರ ಹೆಸರುಗಳ ಹಿತ್ತಾಳೆ ಹಲಗೆಯನ್ನು ಗೇಟಿನ ಗೋಡೆಯಲ್ಲಿ ನೀವೂ ನೋಡಿದ್ದೀರಿ. ಎಂಬತ್ತಮೂರರಲ್ಲಿ ಕಪ್ ಪಂದ್ಯದಲ್ಲಿ ಗ್ಲ್ಯಾಸ್ಗೋದ ದೊಡ್ಡ ತಂಡವೊಂದನ್ನು ಸೋಲಿಸಿದೆವು. ಆ ಸಂಜೆ ಊರಿಗೆ ಊರೇ ಬೀದಿಯಲ್ಲಿ ಅಳುತ್ತಾ ನಗುತ್ತಾ ನಿಂತಿತ್ತು. ಅದಾದ ಸ್ವಲ್ಪ ಕಾಲಕ್ಕೆ ಗಿರಣಿ ಮುಚ್ಚಿತು. ಕೆಲಸ ಕಳೆದುಕೊಂಡವರು ಶನಿವಾರ ಮಾತ್ರ ತಪ್ಪಿಸುತ್ತಿರಲಿಲ್ಲ. ದವಾಖಾನೆಗೆ ಬರಲು ನಾಚಿಕೊಳ್ಳುವ ಗಂಡಸರು ಮೈದಾನದಲ್ಲಿ ನಮ್ಮವರ ಕಿವಿಯಲ್ಲಿ ನಿದ್ದೆ ಬರುವುದಿಲ್ಲ ಡಾಕ್ಟರೇ ಅನ್ನುತ್ತಿದ್ದರು. ಇವೆಲ್ಲ ಹಾಕಿ.

ಇನ್ನು ನನ್ನದೊಂದು. ಇದನ್ನು ಮರೆಯದೆ ಹಾಕಬೇಕು.

ಮದುವೆಯಾಗಿ ನಾನು ಆ ಊರಿಗೆ ಹೋದದ್ದು ಎಪ್ಪತ್ತೈದರ ನವೆಂಬರ್. ಜನ ಒಳ್ಳೆಯವರು. ಕೇಕು ತರುವರು, ಮೊಟ್ಟೆ ಇದೆ ಅಂತ ನಾನು ಬೇಡ ಅನ್ನುವೆ. ಬಿಸ್ಕತ್ತು ತರುವರು, ಏನು ಕೊಬ್ಬು ಹಾಕಿದ್ದಾರೋ ಅಂತ ಬೇಡ ಅನ್ನುವೆ. ಚಹಾಕ್ಕೆ ಕರೆದರೆ ಹೋಗಿ ಬರೀ ಕೈಯಲ್ಲಿ ಕೂತು ಬರುವೆ. ನೋ ಥ್ಯಾಂಕ್ಯೂ ಅನ್ನುವುದೇ ನನ್ನ ಇಂಗ್ಲಿಷ್ ಆಗಿತ್ತು. ಹೀಗೆ ಬೇಡ ಬೇಡ ಅನ್ನುತ್ತಾ ಇದ್ದವಳನ್ನು ಯಾರು ಎಷ್ಟು ದಿನ ಕರೆದಾರು? ಆಮೇಲೆ ನಮ್ಮವರು ಒಂದು ಶನಿವಾರ ಮ್ಯಾಚಿಗೆ ಕರೆದುಕೊಂಡು ಹೋದರು. ಹಾಫ್ ಟೈಮಿನಲ್ಲಿ ಜೀನಳ ಚಹಾ ಗೂಡಿಗೆ ಓಡಿ ಎರಡು ಲೋಟ ಬಿಸಿ ಬೊವ್ರಿಲ್ ತಂದರು, ಕಪ್ಪಗೆ, ಸಾರಿನ ಹಾಗೆ. ಅಲ್ಲಿ ಎಲ್ಲರ ಕೈಯಲ್ಲೂ ಅದೇ. ಇದರಲ್ಲಿ ಏನಿದೆ ಅಂತ ಕೇಳಿದೆ. ಈಸ್ಟು, ಉಪ್ಪು, ಮೆಣಸಿನ ಪುಡಿ ಅಂದರು. ಕುಡಿದೆ. ಪಕ್ಕದ ಮುದುಕ ತನ್ನ ಲೋಟವನ್ನು ನನ್ನ ಲೋಟಕ್ಕೆ ತಾಕಿಸಿ ನಕ್ಕ. ಮಹಾಂತಪ್ಪನವರೇ, ಆ ಊರಿನಲ್ಲಿ ಎಲ್ಲರೂ ಕುಡಿದದ್ದನ್ನು ನಾನೂ ಕುಡಿದದ್ದು ಅದೊಂದೇ. ಪ್ರತಿ ಶನಿವಾರ, ಎಲ್ಲರ ಜೊತೆ ಕೂತು. ನಾನು ಆ ಊರಿನವಳಾದದ್ದು ಆ ಲೋಟದಿಂದ. ಇಷ್ಟನ್ನು ನನ್ನ ಹೆಸರಿನಲ್ಲಿ ಹಾಕಿ.

ಇಲ್ಲಿ ವಿಶ್ವಾಸ್, ಸೊಸೆ ಹರ್ಷಿಣಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮೊಮ್ಮಗಳು ಸಿಯಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನಮ್ಮ ಮನೆಯಿಂದಾಚೆಗೆ ಇನ್ನೂ ಮನೆಗಳು ಎದ್ದಿಲ್ಲ, ಗೂಟ ಹೊಡೆದ ಸೈಟುಗಳು, ಅಷ್ಟೆ. ಗಾಳಿ ಮಾತ್ರ ಧಾರಾಳ.

ಇಂದುಮತಿ


ಫುಲ್‌ಶೀರ್
ನವೆಂಬರ್ ೨, ೨೦೧೩

ವೈನಿ,

ನೀವು ಬರೆದದ್ದನ್ನು ಎರಡು ಸಲ ಓದಿ, ಇಂಗ್ಲಿಷ್ ಮಾಡಿ ಮುಗಿಸಿದೆ. ಕತ್ತು ಕೆಂಪಾದ ಆಟಗಾರರೂ, ಬಲೆ ಹಿಡಿದ ಮನುಷ್ಯನೂ ಬಂದಿದ್ದಾರೆ. ಗಂಡಸರು ಹಯಗ್ರೀವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ ಮಾತು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ದವಾಖಾನೆಯಲ್ಲಿ ಕೂತು ಅಂವಾ ನನಗ ಒಮ್ಮೆಯೂ ಹೇಳಲಿಲ್ಲ ನೋಡ್ರಿ.

ಒಂದೇ ಮಾತು. ಇವಾನ್ ಪುಟ ಕಡಿಮೆ ಇವೆ ಅಂತ ಬರೆದಿದ್ದಾನೆ. ಅದಕ್ಕೆ ನಿಮ್ಮ ಆ ಹಾಫ್ ಟೈಮಿನ ಪ್ಯಾರಾ ಬಿಟ್ಟಿದ್ದೇನೆ. ಪುಸ್ತಕ ಫುಟ್‌ಬಾಲಿನದಲ್ಲವೇ, ಕುಡಿದದ್ದು ತಿಂದದ್ದು ಯಾಕೆ ಅಂತ. ಬೇಸರ ಮಾಡಿಕೊಳ್ಳಬೇಡಿರಿ.

ಶ್ರೀಜಾ ಮತ್ತು ವಿಶ್ವಾಸ್ ಏನೋ ಮಸಲತ್ತು ಮಾಡಿದ್ದಾರೆ, ಕೇಳಿದಿರಾ? ಜನವರಿ ಕೊನೆಗೆ ವಿಶ್ವಾಸನಿಗೆ ಆಸ್ಟಿನ್‌ನಲ್ಲಿ ಆಫೀಸಿನ ಕೆಲಸವಂತೆ. ನಿಮ್ಮನ್ನೂ ಕರೆತರುತ್ತಾನೆ, ಶ್ರೀಜಾ ನನ್ನನ್ನು ಕರೆದೊಯ್ಯುತ್ತಾಳೆ. ಅಲ್ಲೊಂದು ಉಡುಪಿಯವರ ಹೋಟೆಲ್ ಇದೆಯಂತೆ. ಒಂದೇ ರಾಜ್ಯದಲ್ಲಿ ಇದ್ದೇವೆ ಅಂತ ಹೆಸರು. ಡ್ರೈವ್ ಮಾಡಲು ಬಾರದವರಿಗೆ ಈ ದೇಶದಲ್ಲಿ ಪಕ್ಕದ ಬೀದಿಯೂ ಪರದೇಶವೇ. ಬರುವಾಗ ಮೆಂತ್ಯದ ಹಿಟ್ಟು ತಂದರೆ ನಿಮ್ಮ ಹೆಸರು ಹೇಳಿ ಉಣ್ಣುತ್ತೇನೆ.

ಮಹಾಂತಪ್ಪ


ಪ್ರಾಸ್ಪರ್
ನವೆಂಬರ್ ೨೪, ೨೦೧೩

ಮಹಾಂತಪ್ಪನವರೇ,

ಮೆಂತ್ಯದ ಹಿಟ್ಟು ತರುತ್ತೇನೆ. ಆದರೆ ನನಗೆ ಸಿಟ್ಟು ಬಂದಿದೆ. ಬಂದಿರುವುದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಗೋಲುಗಳ ಲೆಕ್ಕ ಯಾರು ಬೇಕಾದರೂ ಬರೆಯುತ್ತಾರೆ. ಆ ಅಧ್ಯಾಯದಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ಪ್ಯಾರಾ. ಅದನ್ನೇ ಕತ್ತರಿಸಿದಿರಿ. ಡಾಕ್ಟರ ಹೆಂಡತಿ ಕುಡಿದ ಬಿಸಿನೀರಿನ ಕಥೆ ಯಾರಿಗೆ ಬೇಕು ಅಂದುಕೊಂಡಿರಿ, ಅಲ್ಲವೇ? ನೀವು ಮೈದಾನದ ಕಡೆ ತಲೆ ಹಾಕಿದವರಲ್ಲ. ಜನರ ಜೊತೆ ಕೂರುವುದು ಎಂದರೇನು ಅಂತ ನಿಮಗೆ ಗೊತ್ತಿರಬೇಕಾಗಿಲ್ಲ.

ಪುಟ ಸಾಲದಿದ್ದರೆ ಎಂಬತ್ತಮೂರರ ಕಪ್ ಬಿಡಿ. ನನ್ನ ಪ್ಯಾರಾ ಇರಲಿ. ಇವತ್ತು ಈ ಮನೆಯಲ್ಲಿ ಕೂತು, ನಾನು ಯಾವ ಊರಿನವಳು ಅಂತ ನನ್ನನ್ನೇ ಕೇಳಿಕೊಂಡರೆ ನೆನಪಾಗುವುದು ಅದೊಂದೇ. ಮೈಸೂರು ಬಿಟ್ಟು ಬಹಳ ಕಾಲವಾಯಿತು. ಇಲ್ಲಿ ನಾನು ವಿಶ್ವಾಸ್ ಅಮ್ಮ. ನಾಯಿ ಕರೆದುಕೊಂಡು ಓಡುವವರು ಹಾಯ್ ಅನ್ನುತ್ತಾರೆ, ನಾನು ಹಾಯ್ ಅನ್ನುವ ಹೊತ್ತಿಗೆ ಅವರು ಮೂಲೆ ತಿರುಗಿರುತ್ತಾರೆ. ಇದನ್ನು ವಿಶ್ವಾಸನಿಗೆ ಹೇಳುವುದಿಲ್ಲ, ಪಾಪ, ಅವನು ಏನು ಮಾಡಿಯಾನು. ನಿಮಗೆ ಹೇಳುತ್ತಿದ್ದೇನೆ.

ಹಾಕಿದೆ ಅಂತ ಆಸ್ಟಿನ್‌ನಲ್ಲಿ ನಿಮ್ಮ ಬಾಯಿಂದ ಕೇಳಬೇಕು.

ಇಂದುಮತಿ


ಫುಲ್‌ಶೀರ್
ಫೆಬ್ರುವರಿ ೩, ೨೦೧೪

ವೈನಿ,

ಆಸ್ಟಿನ್‌ಗೆ ನೀವು ಬರಲಿಲ್ಲ.

ನಾನು ಸೂಟು ಹಾಕಿಕೊಂಡು ಹೋಗಿದ್ದೆ. ಅಪ್ಪಾಜಿ, ಇಡ್ಲಿ ತಿನ್ನೋಕೆ ಸೂಟ್ ಯಾಕೆ ಅಂತ ಶ್ರೀಜಾ ನಕ್ಕಳು. ಬಾಗಿಲಿನ ಕಡೆ ಮುಖ ಮಾಡಿ ಕೂತಿದ್ದೆ. ವಿಶ್ವಾಸ್ ಒಬ್ಬನೇ ಬಂದ. ಅಮ್ಮನಿಗೆ ಮಂಡಿ ನೋವು ಜಾಸ್ತಿ ಅಂದ. ಅವನು ನನ್ನ ಮುಖ ನೋಡದೆ ಮೆನು ನೋಡುತ್ತಾ ಹೇಳಿದ. ಚಿಕ್ಕಂದಿನಿಂದಲೂ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಮೆಂತ್ಯದ ಹಿಟ್ಟಿನ ಡಬ್ಬಿ ಮಾತ್ರ ಕೈಗೆ ಕೊಟ್ಟ. ಅದು ಯಾವಾಗ ಮಾಡಿದ್ದು, ಸಿಟ್ಟಿಗಿಂತ ಮೊದಲೋ ಆಮೇಲೋ?

ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ. ನೀವು ಗೆದ್ದಿರಿ. ಮನೆಗೆ ಬಂದವನೇ ನಿಮ್ಮ ಪ್ಯಾರಾವನ್ನು ಒಂದು ಅಕ್ಷರ ಬಿಡದೆ ಸೇರಿಸಿ ಇವಾನ್‌ಗೆ ಕಳಿಸಿದ್ದೇನೆ. ಇನ್ನಾದರೂ ನಾಲ್ಕು ಸಾಲು ಬರೆಯಿರಿ.

ಮಹಾಂತಪ್ಪ


ಫುಲ್‌ಶೀರ್
ಮಾರ್ಚ್ ೧೦, ೨೦೧೪

ವೈನಿ,

ನಿಮ್ಮ ಪ್ಯಾರಾ ಬಹಳ ಚೆನ್ನಾಗಿದೆ ಅಂತ ಇವಾನ್ ಬರೆದಿದ್ದಾನೆ. ಅಚ್ಚಿನ ಕರಡು ಬಂದಿದೆ, ತಿದ್ದುಪಡಿ ಇದ್ದರೆ ಜೂನ್ ಹತ್ತರೊಳಗೆ ತಿಳಿಸಬೇಕಂತೆ. ನಿಮ್ಮ ಕಾಗದ ಇಲ್ಲ. ದಿನಾ ಪೆಟ್ಟಿಗೆಯ ತನಕ ಹೋಗಿ ಬರುತ್ತಿದ್ದೇನೆ. ಮಳೆ ಬಂದರೂ ಹೋಗುತ್ತೇನೆ. ನೀವು ಆರೋಗ್ಯವಾಗಿದ್ದೀರಿ ಅಂತ ಶ್ರೀಜಾ ಕೇಳಿ ಹೇಳಿದಳು, ಹಾಗಿದ್ದರೆ ಸಾಕು.

ಮಹಾಂತಪ್ಪ


ಪ್ರಾಸ್ಪರ್
ಏಪ್ರಿಲ್ ೨, ೨೦೧೪

ಮಹಾಂತಪ್ಪನವರೇ,

ಆಸ್ಟಿನ್‌ಗೆ ಹೊರಡುವ ಮುಂಚಿನ ದಿನ ಸಿಯಾಗೆ ಶಾಲೆಯಲ್ಲಿ ಅಜ್ಜಿ ತಾತನ ಬಗ್ಗೆ ಬರೆಯಲು ಹೇಳಿದ್ದರು. ನಾನು ಹಾಫ್ ಟೈಮಿನ ಕಥೆ ಹೇಳಿದೆ. ಅವಳು ಫೋನಿನಲ್ಲಿ ಬೊವ್ರಿಲ್ ಅಂತ ಹುಡುಕಿ ಓದಿದಳು. ಆಮೇಲೆ ಮೆಲ್ಲಗೆ, "ಅಜ್ಜಿ, ಇಟ್ಸ್ ಬೀಫ್," ಅಂದಳು.

ದನದ ಮಾಂಸವನ್ನು ಕುದಿಸಿ ಕುದಿಸಿ ಇಳಿಸಿದ ರಸವಂತೆ. ಅದನ್ನು ನಾನು ಅಷ್ಟು ವರ್ಷ ಕುಡಿದೆ. ಕುಡಿದು ಮನೆಗೆ ಬಂದು, ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿದೆ.

ನಮ್ಮವರನ್ನು ಕೇಳಿ ಕುಡಿದೆ, ಅದೇ ನನಗೆ ತಡೆಯಲಾಗುತ್ತಿಲ್ಲ. ತಿಳಿಯದೆ ಆದದ್ದಕ್ಕೆ ಪ್ರಾಯಶ್ಚಿತ್ತವಿದೆ, ನಮ್ಮ ತಂದೆಯೇ ಹೇಳುತ್ತಿದ್ದರು. ಆದರೆ ಇವರು ತಿಳಿದೂ ಕೊಟ್ಟರು. ಏನಿದೆ ಅಂತ ಕೇಳಿದ ಹೆಂಡತಿಯ ಮುಖ ನೋಡಿ ಈಸ್ಟು, ಉಪ್ಪು ಅಂದರು. ಆಮೇಲೆ ಶನಿವಾರ ಶನಿವಾರ ತಂದು ಕೈಯಲ್ಲಿಟ್ಟರು. ನಾನು ಬೇಡ ಬೇಡ ಅನ್ನುವುದು ಅವರಿಗೆ ಊರಿನ ಮುಂದೆ ಅವಮಾನವಾಗಿತ್ತೋ ಏನೋ. ಇನ್ನು ಯಾವ ಯಾವ ಮಾತು ಸುಳ್ಳು ಅಂತ ಕೂತು ಕೂತು ಯೋಚಿಸುತ್ತೇನೆ. ಸತ್ತವರನ್ನು ಕೇಳುವ ಹಾಗಿಲ್ಲ.

ಫೆಬ್ರುವರಿಯಲ್ಲಿ ಅವರ ತಿಥಿ ಬಂತು. ವಿಶ್ವಾಸ್ ದೇವಸ್ಥಾನದಲ್ಲಿ ಮಾಡಿದ. ನಾನು ಮಂಡಿನೋವು ಅಂತ ಮಲಗಿದ್ದೆ. ಬೆಳಿಗ್ಗೆ ಅವರ ಫೋಟೋ ಮುಂದೆ ಕಾಫಿ ಇಡುತ್ತಿದ್ದೆ, ಅದನ್ನೂ ನಿಲ್ಲಿಸಿದ್ದೇನೆ.

ಮತ್ತೆ ನೀವು. ನೀವೂ ಮಾಂಸ ಮುಟ್ಟದ ಮನೆಯವರು, ಡಾಕ್ಟರು. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರಲಿಲ್ಲವೇ? ಪ್ಯಾರಾ ಯಾಕೆ ಕತ್ತರಿಸಿದ್ದು ಅಂತ ಈಗ ತಿಳಿಯಿತು. ಇಬ್ಬರು ಡಾಕ್ಟರುಗಳು ಸೇರಿ ಒಬ್ಬ ಹೆಂಗಸನ್ನು ಚೆನ್ನಾಗಿ ಕುಣಿಸಿದಿರಿ. ಪ್ಯಾರಾ ತೆಗೆದುಹಾಕಿ. ಅಧ್ಯಾಯವನ್ನೇ ತೆಗೆಸಿದರೂ ನನ್ನ ಅಭ್ಯಂತರವಿಲ್ಲ. ಇದಕ್ಕೆ ಉತ್ತರ ಬೇಡ.

ಇಂದುಮತಿ


ಫುಲ್‌ಶೀರ್
ಏಪ್ರಿಲ್ ೯, ೨೦೧೪

ವೈನಿ,

ಉತ್ತರ ಬೇಡ ಅಂದರೂ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದುವ ತನಕ ಹರಿಯಬೇಡಿರಿ.

ನೀವು ದನದ ರಸ ಕುಡಿದಿಲ್ಲ. ಒಂದು ದಿನವೂ ಕುಡಿದಿಲ್ಲ.

ಒಂದು ಚಳಿಗಾಲ ಹಯಗ್ರೀವನಿಗೆ ಫ್ಲೂ ಬಂದು ಮಲಗಿದ್ದ, ನೆನಪಿದೆಯೇ? ವಿಶ್ವಾಸ್ ಆಗ ತೊಡೆಯ ಮೇಲಿನ ಕೂಸು. ಕ್ಲಬ್ಬಿಗೆ ಡಾಕ್ಟರ್ ಬೇಕೇ ಬೇಕು ಅಂತ ನನ್ನನ್ನು ಮೈದಾನಕ್ಕೆ ದಬ್ಬಿದರು. ನೀವೂ ಬಂದಿದ್ದಿರಿ. ಹೊರಡುವಾಗ ಅವನು ನನ್ನ ಕೈ ಹಿಡಿದು, "ಹಾಫ್ ಟೈಮಿಗೆ ಇಂದೂಗೆ ಲೋಟ ನೀನೇ ತಂದುಕೊಡು. ಬೇರೆ ಯಾರ ಕೈಯಿಂದಲೂ ತಗೋಬೇಡ, ಜೀನ್ ಕೈಯಿಂದಲೇ ಇಸ್ಕೋ," ಅಂದ. ಜ್ವರದ ಬಡಬಡಿಕೆ ಅಂದುಕೊಂಡೆ.

ಚಹಾ ಗೂಡಿಗೆ ಹೋಗಿ, ಲೋಟ ನಿಮಗೆ ಅಂದೆ. ಜೀನ್ ದೊಡ್ಡ ಹಂಡೆಯಿಂದ ಬಗ್ಗಿಸಲಿಲ್ಲ. ಮೇಲಿನ ಹಲಗೆಯಿಂದ ಮುಚ್ಚಳ ಹಾಕಿದ ಸಣ್ಣ ಪಾತ್ರೆ ಇಳಿಸಿದಳು. ಬೇರೆ ಚಮಚ. ಬೇರೆ ಬಾಟಲಿ. ಅದು ಮಾರ್ಮೈಟ್, ಬರೀ ಈಸ್ಟಿನಿಂದ ಮಾಡಿದ ಕಪ್ಪು ಲೇಹ. ಬಿಸಿನೀರು ಹಾಕಿ, ಮೆಣಸಿನ ಪುಡಿ ಉದುರಿಸಿ, ಎಲ್ಲರಿಗೂ ಕೊಡುವಂಥದೇ ಲೋಟದಲ್ಲಿ ಕೊಟ್ಟಳು. ಬಣ್ಣವೂ ಒಂದೇ, ಹೊಗೆಯೂ ಒಂದೇ. ನನ್ನ ಮುಖ ನೋಡಿ ಅವಳೇ ವಿವರಿಸಿದಳು. ನೀವು ಮೊದಲ ಸಲ ಮೈದಾನಕ್ಕೆ ಬರುವ ಹಿಂದಿನ ದಿನ ಹಯಗ್ರೀವ ಅವಳ ಹತ್ತಿರ ಹೋಗಿ, ನನ್ನ ಹೆಂಡತಿ ಈ ಊರಿಗೆ ಬಂದಾಗಿನಿಂದ ಯಾರ ಜೊತೆಯೂ ಒಂದು ಗುಟುಕು ಏನನ್ನೂ ಕುಡಿದಿಲ್ಲ, ನಾಳೆ ಒಂದು ದಿನ ಎಲ್ಲರ ಹಾಗೆ ಕುಡಿಯಲಿ, ದಾರಿ ಹುಡುಕು ಅಂದನಂತೆ. ಬಾಟಲಿ ಅವನೇ ತಂದು ಕೊಡುತ್ತಿದ್ದ. ಒಂದು ದಿನ ಅಂತ ಶುರುವಾದದ್ದನ್ನು ಅವಳು ಕೊನೆಯವರೆಗೂ ನಡೆಸಿದಳು.

ಈಸ್ಟು, ಉಪ್ಪು, ಮೆಣಸು ಅಂದನಲ್ಲ, ಅದು ಅಕ್ಷರಶಃ ಸತ್ಯ ವೈನಿ. ಬೇರೆಯವರ ಲೋಟದಲ್ಲಿ ಏನಿತ್ತು ಅಂತ ನೀವು ಕೇಳಲಿಲ್ಲ, ಅವನು ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮನುಷ್ಯ ಅವನು. ಅವನ ಲೋಟದಲ್ಲಿ ಏನಿತ್ತು ಅನ್ನೋದನ್ನ ಮಾತ್ರ ನನ್ನ ಕೇಳಬ್ಯಾಡ್ರಿ.

ನಿಮ್ಮ ಸುತ್ತ ಕೂರುತ್ತಿದ್ದವರಿಗೆಲ್ಲ ಇದು ಗೊತ್ತಿತ್ತು. ಬಲೆ ಹಿಡಿದವನಿಗೂ ಗೊತ್ತಿತ್ತು. ಸಣ್ಣ ಊರು, ನೋಡಿರಿ, ಒಬ್ಬರು ಸೀನಿದರೆ ಎಲ್ಲರಿಗೂ ನೆಗಡಿ. ಆದರೂ ಒಬ್ಬರೂ ನಿಮ್ಮ ಮುಂದೆ ಬಾಯಿ ಬಿಡಲಿಲ್ಲ. ಅದಕ್ಕೇ ನಾನು ಪ್ಯಾರಾ ಬಿಟ್ಟದ್ದು. ಅದನ್ನು ಓದಿದವರು ನಗಬಾರದಲ್ಲ, ಅದೇ ನನ್ನ ಭಯ. ಹೇಳುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಅವನ ಮೇಲಿನ ನಿಮ್ಮ ನಂಬಿಕೆಗಿಂತ ಆ ಮಾತು ದೊಡ್ಡದಲ್ಲ ಅಂತ ಇವತ್ತು ಮುರಿದೆ.

ಇನ್ನು ಸಮಾಧಾನ ಮಾಡಿಕೊಳ್ಳಿರಿ. ಅವನಿಗೆ ಕಾಫಿ ಇಡಿರಿ. ಪ್ಯಾರಾವನ್ನು ನಿಜ ಇದ್ದ ಹಾಗೆ ತಿದ್ದಿ ಹಾಕೋಣ. ಜೀನ್ ಇನ್ನೂ ಇದ್ದಾಳೆ, ಅವಳ ಹೆಸರೂ ಬರಲಿ. ಎಂಥ ಚಂದದ ಕಥೆ! ನನಗೆ ಈ ಕಾಗದ ಬರೆದು ಎದೆಯ ಮೇಲಿನ ಕಲ್ಲು ಇಳಿಯಿತು. ನಿಮ್ಮ ಖುಷಿಯ ಕಾಗದಕ್ಕೆ ಕಾಯುತ್ತೇನೆ.

ಮಹಾಂತಪ್ಪ


ಫುಲ್‌ಶೀರ್
ಮೇ ೧೭, ೨೦೧೪

ವೈನಿ,

ನನ್ನ ಕಾಗದ ತಲುಪಿತೇ? ತಲುಪಿದ್ದರೆ ಇಷ್ಟು ಮೌನ ಯಾಕೆ ಅಂತ ನನಗೆ ತಿಳಿಯದು. ನಾನು ತಪ್ಪು ಏನು ಬರೆದೆ? ತಿದ್ದುಪಡಿಯ ಗಡುವು ಹತ್ತಿರ ಬಂತು.

ಮಹಾಂತಪ್ಪ


ಪ್ರಾಸ್ಪರ್
ಜೂನ್ ೧, ೨೦೧೪

ಮಹಾಂತಪ್ಪನವರಿಗೆ,

ಕಾಗದ ತಲುಪಿತು. ನೀವು ತಪ್ಪೇನೂ ಬರೆಯಲಿಲ್ಲ.

ಓದಿದ ದಿನ ತಲೆಗೆ ಸ್ನಾನ ಮಾಡಿ, ಅವರ ಫೋಟೋ ಮುಂದೆ ಕೂತು ಅತ್ತೆ. ಹೊತ್ತುಗೊತ್ತಿಲ್ಲದೆ ಅತ್ತೆ. ಹರ್ಷಿಣಿ ಗಾಬರಿಯಾಗಿ ಆಫೀಸಿನಿಂದ ವಿಶ್ವಾಸನನ್ನು ಕರೆಸಿದಳು. ಕಾಫಿ ಮತ್ತೆ ಇಡುತ್ತಿದ್ದೇನೆ. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಸಕ್ಕರೆ ಮಾತ್ರ ಹಾಕುವುದಿಲ್ಲ. ಅವರ ಲೋಟದಲ್ಲಿ ಏನಿತ್ತು ಅಂತ ನೀವು ಹೇಳಬೇಕಾಗಿಲ್ಲ. ಮ್ಯಾಚು ಮುಗಿಸಿ ಬರುವಾಗ ಯಾಕೆ ಏಲಕ್ಕಿ ಜಗಿಯುತ್ತಿದ್ದರು ಅಂತ ಈಗ ಗೊತ್ತಾಯಿತು.

ನಿಮಗೆ ಖುಷಿಯ ಕಾಗದ ಬರೆಯಬೇಕು ಅಂತ ಮೂರು ನಾಲ್ಕು ಸಲ ಕೂತೆ. ಬರೆಯಲಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ, ನೀವಾದರೂ ತಿಳಿದುಕೊಳ್ಳಿ.

ಮೈಸೂರಿನಲ್ಲಿ ನಮ್ಮ ಅಜ್ಜಿಯ ಮನೆಯ ಹಿತ್ತಲಿನ ಸೂರಿಗೆ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ಬಟ್ಟೆ ಒಗೆಯುವ ಪುಟ್ಟಣ್ಣನಿಗೆ ಕಾಫಿ ಅದರಲ್ಲೇ. ಅಜ್ಜಿ ಮೇಲಿನಿಂದ ಹೊಯ್ಯುತ್ತಿದ್ದರು. ಅವನ ಮಕ್ಕಳ ಹೆಸರು ಹಿಡಿದು ವಿಚಾರಿಸುತ್ತಿದ್ದರು, ಕಾಯಿಲೆಯಾದರೆ ಕಷಾಯ ಮಾಡಿ ಕಳಿಸುತ್ತಿದ್ದರು. ಪ್ರೀತಿಗೇನೂ ಕಡಿಮೆಯಿರಲಿಲ್ಲ. ಲೋಟ ಬೇರೆ, ಅಷ್ಟೆ. ಚಿಕ್ಕವಳಾಗಿ ನಾನು ಅದನ್ನು ದಿನಾ ನೋಡಿದ್ದೇನೆ, ಒಂದು ಸಲವೂ ಏನೂ ಅನ್ನಿಸಿರಲಿಲ್ಲ. ನಿಮ್ಮ ಕಾಗದದಲ್ಲಿ ಆ ಸಣ್ಣ ಪಾತ್ರೆ, ಬೇರೆ ಚಮಚ ಓದಿದಾಗ ಅನ್ನಿಸಿತು. ನನ್ನದೂ ಬೇರೆ ಇತ್ತು.

ಇದೂ ಅದೂ ಒಂದೇ ಅಲ್ಲ, ನನಗೆ ಗೊತ್ತು. ಪುಟ್ಟಣ್ಣ ಬೇರೆ ಲೋಟ ಕೇಳಿರಲಿಲ್ಲ. ನಾನೇ ಬೇಡ ಬೇಡ ಅಂದು ಅಂದು ಬೇರೆ ಮಾಡಿಸಿಕೊಂಡೆ. ಅವರೆಲ್ಲ ನನ್ನನ್ನು ಹತ್ತಿರ ಕೂರಿಸಿಕೊಳ್ಳುವುದಕ್ಕೆ ಇಷ್ಟೆಲ್ಲ ಮಾಡಿದರು. ಆದರೂ ಸಂಕಟವಾಗುತ್ತದೆ. ಎಂಬತ್ತಮೂರರ ಆ ಸಂಜೆ ಬೀದಿಯಲ್ಲಿ ಒಬ್ಬ ಮುದುಕಿ ನನ್ನನ್ನು ತಬ್ಬಿಕೊಂಡು ಇನ್ನು ನೀನು ನಮ್ಮವಳು ಅಂದಿದ್ದಳು. ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಬದುಕಿದೆ. ಅವಳಿಗೂ ಆ ಪಾತ್ರೆಯ ವಿಷಯ ಗೊತ್ತಿತ್ತು ತಾನೆ? ನಾನು ಲೋಟ ಎತ್ತಿದಾಗಲೆಲ್ಲ ಅಷ್ಟು ಜನ ಓರೆಗಣ್ಣಿನಲ್ಲಿ ನೋಡಿ, ಪಾಪ ಅಂದುಕೊಂಡಿರಬೇಕು. ನ್ಯಾಯವಾಗಿ ನನಗೆ ಸಂತೋಷವಾಗಬೇಕು. ನನಗೆ ಅನ್ನಿಸುತ್ತಿರುವುದು ಏನೆಂದರೆ, ಎಲ್ಲರ ನಡುವೆ ಕೂತಿದ್ದೆ ಅಂದುಕೊಂಡ ಆ ಶನಿವಾರಗಳಲ್ಲೂ ನಾನು ಒಬ್ಬಳೇ ಇದ್ದೆ. ಇದನ್ನು ಈ ಮನೆಯಲ್ಲಿ ಯಾರಿಗೆ ಹೇಳಲಿ? ಸಿಯಾಗೆ ಹೇಳಿದರೆ ದಟ್ಸ್ ಸೋ ಸ್ವೀಟ್ ಅನ್ನುತ್ತಾಳೆ. ಹೌದು, ಸ್ವೀಟೇ.

ಒಂದು ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡೆ. ಅವರು ಮೊದಲ ದಿನವೇ ನಿಜ ಹೇಳಿದ್ದರೆ ನಾನು ದೊಡ್ಡ ಹಂಡೆಯದನ್ನು ಕುಡಿಯುತ್ತಿದ್ದೆನೇ? ಇಲ್ಲ. ಇವತ್ತು ಕೊಟ್ಟರೂ ಕುಡಿಯುವುದಿಲ್ಲ. ನೋ ಥ್ಯಾಂಕ್ಯೂ ಅಂದು ಮನೆಗೆ ಬರುತ್ತಿದ್ದೆ, ಮತ್ತೆ ಮೈದಾನಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿಲ್ಲ.

ಈಗ ಪುಸ್ತಕದ ವಿಷಯ. ನಿಜ ಇದ್ದ ಹಾಗೆ ತಿದ್ದೋಣ ಅಂದಿರಿ. ಬೇಡ. ಒಂದು ಅಕ್ಷರವನ್ನೂ ತಿದ್ದಬೇಡಿ. ಎಲ್ಲರೂ ಕುಡಿದದ್ದನ್ನೇ ನಾನೂ ಕುಡಿದೆ, ಆ ಊರಿನವಳಾದೆ ಅಂತಲೇ ಅಚ್ಚಾಗಲಿ. ಚರಿತ್ರೆಯಲ್ಲಿ ಸುಳ್ಳು ಸೇರಬಹುದೇ ಅಂತ ನೀವು ಕೇಳುತ್ತೀರಿ. ಅಷ್ಟು ಜನ, ಅಷ್ಟು ವರ್ಷ, ಒಬ್ಬರೂ ತುಟಿ ಬಿಚ್ಚದೆ ಅದನ್ನು ಕಾಪಾಡಿದರು. ಈಗ ನನ್ನ ಸರದಿ ಬಂದಾಗ ನಾನು ಬಾಯಿ ಬಿಟ್ಟರೆ, ಆಗ ನಿಜಕ್ಕೂ ನಾನು ಆ ಊರಿನವಳಲ್ಲ.

ಜೀನ್‌ಗೆ ಒಂದು ಪ್ರತಿ ಕಳಿಸಲು ಇವಾನ್‌ಗೆ ಹೇಳಿ. ಕನ್ನಡಕ ಹಾಕಿಕೊಂಡು ನನ್ನ ಪ್ಯಾರಾ ಓದುತ್ತಾಳೆ. ಡಾಕ್ಟರ ಹೆಂಡತಿಗೆ ಇನ್ನೂ ಗೊತ್ತಾಗಿಲ್ಲ, ಸದ್ಯ, ಅಂದುಕೊಳ್ಳುತ್ತಾಳೆ. ಅಂದುಕೊಳ್ಳಲಿ. ನೀವು ಹೇಳಬೇಡಿ.

ಇಂದುಮತಿ